ಎರಡು ಚುಕ್ಕೆ

"ಇದರಲ್ಲಿ ಏನಿದ್ರೂ ಅಳಿಸಿಹೋಗುತ್ತೆ. ಆಮೇಲೆ ನನ್ನ ಬೈಬೇಡ," ಎಂದು ಉರ್ಹೊ ಪೆನ್‌ಡ್ರೈವನ್ನು ಸೈಮಿಯ ಮೂಗಿನ ಮುಂದೆ ಹಿಡಿದ.

"ಅಳಿಸಯ್ಯಾ. ಹಳೇ ಫ್ರಿಜ್ಜಿನ ಕೈಪಿಡಿ ಅದು, ಫ್ರಿಜ್ಜೇ ಹೋಯ್ತು."

ಉರ್ಹೊ ನಿವೃತ್ತ ಬಸ್ ಚಾಲಕ. ಸೈಮಿಯ ಗಂಡ ತೊರ್‌ಸ್ತಿ ನಡೆಸುತ್ತಿದ್ದ ಗಾಯಕ ತಂಡದಲ್ಲಿ ಕೆಳದನಿಯಲ್ಲಿ ಹಾಡುವವನು. ಕುವೊಪಿಯೊ ಊರಿನ ಆ ತಂಡಕ್ಕೆಲ್ಲ ಹಾಡಿನ ಜೊತೆ ಲಿನಕ್ಸ್ ಎಂಬ ಉಚಿತ ಕಂಪ್ಯೂಟರ್ ವ್ಯವಸ್ಥೆಯ ಹುಚ್ಚನ್ನೂ ಹತ್ತಿಸಿದವನು ತೊರ್‌ಸ್ತಿಯೇ. ಈಗ ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ. ಚಳಿಗಾಲದಲ್ಲಿ ಪಾರ್ಶ್ವವಾಯು ಹೊಡೆದು ಬಲಗೈಯೂ ಹೋಗಿತ್ತು, ಮಾತೂ ಹೋಗಿತ್ತು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದದ್ದು ಒಂದೇ ದನಿ, ಪದ ಸಿಗದೆ ತಡಕಾಡುವಾಗ ಯಾರಾದರೂ ತುಟಿ ಚಾಚಿ ಎಳೆಯುವಂಥ "ಓ... ಓ...".

ಮಾತು ಹೋದವರಲ್ಲೂ ಕೆಲವೊಮ್ಮೆ ಹಾಡು ಉಳಿದಿರುತ್ತದೆ, ಅವರೇ ಕಟ್ಟಿದ ಹಾಡುಗಳಿದ್ದರೆ ತನ್ನಿ ಎಂದಿದ್ದಳು ಮಾತಿನ ಚಿಕಿತ್ಸೆಯ ಹುಡುಗಿ. ಹಾಡುಗಳೆಲ್ಲ ತೊರ್‌ಸ್ತಿಯ ಲ್ಯಾಪ್‌ಟಾಪಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಸೈಮಿ ಅದನ್ನು ತೆರೆಯಲು ಹೋಗಿ, ಅದು ಅಪ್‌ಡೇಟ್ ಮಾಡಿಕೊಳ್ಳುತ್ತಿದ್ದಾಗಲೇ, ಕೆಟ್ಟಿತೆಂದು ಹೆದರಿ ಬಲವಂತವಾಗಿ ಆರಿಸಿಬಿಟ್ಟಿದ್ದಳು. ಆಮೇಲೆ ಅದು ಏಳಲೇ ಇಲ್ಲ.

"ಅದರೊಳಗಿನ ಲಿನಕ್ಸ್ ಏಳದಿದ್ರೆ ಬೇಡ. ಪೆನ್‌ಡ್ರೈವಲ್ಲೇ ಪೂರ್ತಿ ಲಿನಕ್ಸ್ ಕೂರಿಸಿ, ಅದರಿಂದ ಎಬ್ಬಿಸೋಣ. ಒಳಗಿರೋದಕ್ಕೆ ಏನೂ ಆಗಲ್ಲ," ಎಂದ ಉರ್ಹೊ. ತನ್ನ ಯಂತ್ರದಲ್ಲಿ ಇಳಿಸಿಕೊಂಡದ್ದನ್ನು ಪೆನ್‌ಡ್ರೈವಿಗೆ ಬರೆಯಲು ಬಿಟ್ಟು ಏಲಕ್ಕಿ ಬನ್ನಿಗೆ ಕೈಹಾಕಿದ. ತೆರೆಯ ಮೇಲೆ ನೀಲಿ ಪಟ್ಟಿ ತೆವಳಿ ಕೊನೆ ಮುಟ್ಟುವಷ್ಟರಲ್ಲಿ ಬನ್ನಿನ ತಟ್ಟೆ ಖಾಲಿಯಾಯಿತು.

ಪೆನ್‌ಡ್ರೈವನ್ನು ತೊರ್‌ಸ್ತಿಯ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಗುಂಡಿ ಒತ್ತಿದ್ದೇ ತೆರೆ ಬೆಳಗಿತು. ಅದು ಕೇಳಿದ ಪ್ರಶ್ನೆಗಳಿಗೆಲ್ಲ ಉರ್ಹೊ ಓದದೆಯೇ "ಮುಂದೆ, ಮುಂದೆ" ಎಂದು ಒತ್ತುತ್ತಾ ಹೋದ.

"ಬಸ್ಸೂ ಹೀಗೇ ಓಡಿಸ್ತಿದ್ಯಾ, ಸ್ಟಾಪು ನೋಡದೆ?"

"ಜನ ಊರು ಸೇರ್ತಿದ್ರಲ್ಲಮ್ಮಾ. ತಗೋ, ಡಿಸ್ಕು ಕಾಣ್ತಿದೆ. ಬೀಗ ಹಾಕಿದಾನೆ. ಪಾಸ್‌ವರ್ಡ್ ಗೊತ್ತಾ?"

ಸೈಮಿಯ ಮುಖ ಅರಳಿತು. ಪಾಸ್‌ವರ್ಡ್ ಇಟ್ಟ ದಿನವೇ ತೊರ್‌ಸ್ತಿ ಅವಳ ಕಿವಿಯಲ್ಲಿ ಹೇಳಿದ್ದ. ಹೊಪ್ಸೊ, ಜೊತೆಗೆ ಮದುವೆಯಾದ ವರ್ಷ. ಹೊಪ್ಸೊ ಎಂದರೆ ಅವರ ಭಾಷೆಯಲ್ಲಿ ಪೆದ್ದಿ. ಮುದ್ದು ಬಂದಾಗಲೂ ಸಿಟ್ಟು ಬಂದಾಗಲೂ ಅವನು ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಅವಳು ಒಂದೊಂದೇ ಅಕ್ಷರ ಒತ್ತಿದಳು. ತೆರೆಯ ಮೇಲೆ ಕಪ್ಪು ಬೊಟ್ಟುಗಳು ಮೂಡಿದವು. ತಪ್ಪು ಎಂದಿತು ಯಂತ್ರ.

ಮತ್ತೆ ಒತ್ತಿದಳು. ತಪ್ಪು. ಕನ್ನಡಕ ಹಾಕಿಕೊಂಡು ನಿಧಾನವಾಗಿ ಒತ್ತಿದಳು. ಆಗಲೂ ತಪ್ಪು.

"ಬದಲಾಯಿಸಿದಾನೆ ಬಿಡು," ಎಂದ ಉರ್ಹೊ. "ಗಂಡಸರು ಏನೇನೋ ಇಟ್ಕೊಂಡಿರ್ತಾರೆ."

ತಮಾಷೆಗೆ ಅಂದ ಮಾತು, ಆದರೆ ಸೈಮಿಗೆ ಚುಚ್ಚಿತು. ಹಾಡು ಸಿಗದಿದ್ದರೆ ಅದೊಂದು ಸಂಕಟ. ಇಷ್ಟು ವರ್ಷ ಜೊತೆಗಿದ್ದವನು ಹೇಳದೆ ಬಾಗಿಲು ಹಾಕಿಕೊಂಡಿದ್ದರೆ? ಈಗ ಕೇಳೋಣವೆಂದರೆ ಅವನಿಗೆ ಬಾಯಿಲ್ಲ. ಆದರೂ ಅವಳು ತಿರುಗಿ ಕೇಳಿಯೇಬಿಟ್ಟಳು.

"ಬದಲಾಯಿಸಿದ್ಯೇನೋ? ನಂಗೆ ಹೇಳದೆ?"

ತೊರ್‌ಸ್ತಿ ಇಲ್ಲವೆಂಬಂತೆ ತಲೆಯಲ್ಲಾಡಿಸಿದ. "ಓ... ಓ..."

"ಸಿಗ್ತಿಲ್ವಾ? ಹೋಗ್ಲಿ ಬಿಡು, ಆಯಾಸ ಮಾಡ್ಕೋಬೇಡ."

"ಓ!" ಎಂದ ಅವನು ಜೋರಾಗಿ. ಎಡಗೈಯ ಎರಡು ಬೆರಳು ಚಾಚಿ ಗಾಳಿಯನ್ನು ಕುಟ್ಟಿದ. ಮತ್ತೆ ಕುಟ್ಟಿದ.

"ಎರಡು ಏನು? ಎರಡು ಕಪ್ ಕಾಫಿನಾ?" ಎಂದ ಉರ್ಹೊ.

ತೊರ್‌ಸ್ತಿಯ ಮುಖ ಕೆಂಪಾಯಿತು. ಹೆಡ್ಡರ ಕೈಗೆ ಸಿಕ್ಕಿದವನ ಸಿಟ್ಟು ಅದು. ಸೈಮಿ ಅವನ ಬೆರಳುಗಳನ್ನೇ ನೋಡಿದಳು. ಎರಡು ಬೆರಳು, ಒಂದರ ಪಕ್ಕ ಒಂದು, ಗಾಳಿಯಲ್ಲಿ ಎರಡು ಚುಕ್ಕೆ. ಅವಳ ಕಣ್ಣು ಕೀಲಿಮಣೆಗೆ ಹೋಯಿತು. ಅಲ್ಲಿತ್ತು, ತಲೆಯ ಮೇಲೆ ಎರಡು ಚುಕ್ಕೆ ಹೊತ್ತ ಓ, ಅವನ ಬಾಯಿಂದ ಬರುತ್ತಿದ್ದ ಅದೇ ದನಿ. ಹೊಪ್ಸೊ ಬರೆಯಲು ಆ ಅಕ್ಷರ ಎರಡು ಸಲ ಬೇಕು.

"ಉರ್ಹೊ, ಬರೆಯೋಕೆ ಒಂದು ಖಾಲಿ ಪುಟ ತೆಗಿ."

ಪುಟ ತೆರೆದ. ಅವಳು ಆ ಓ ಕೀಲಿ ಒತ್ತಿದಳು. ಪುಟದ ಮೇಲೆ ಬಿದ್ದದ್ದು ಓ ಅಲ್ಲ, ಒಂದು ಅರ್ಧವಿರಾಮ.

ಉರ್ಹೊ ಹಣೆ ಚಚ್ಚಿಕೊಂಡ. "ಅಯ್ಯೋ ನನ್ನ ತಲೆಗಿಷ್ಟು! ಇದು ಇಂಗ್ಲಿಷ್ ಕೀಲಿಮಣೆ ಅಂದ್ಕೊಂಡಿದೆ ಕಣೇ, ಪಾಸ್‌ವರ್ಡಲ್ಲೂ ಇದೇ ಬಿದ್ದಿದೆ. ನಮ್ಮ ಭಾಷೆ ಯಾವುದೂಂತ ಕೇಳಿರುತ್ತೆ, ನಾನು 'ಮುಂದೆ' ಅಂದ್ಬಿಟ್ಟೆ."

"ಸ್ಟಾಪು ನೋಡದೆ," ಎಂದಳು ಸೈಮಿ. ಬೈಯುವುದಕ್ಕೆಂದು ತೆರೆದ ಬಾಯಲ್ಲಿ ನಗು ಬಂತು. ಅವಳು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು. ಬದಲಾಯಿಸಿರಲಿಲ್ಲ. ಅವನು ಏನನ್ನೂ ಬದಲಾಯಿಸಿರಲಿಲ್ಲ.

ಉರ್ಹೊ ಭಾಷೆ ಸರಿಮಾಡಿಕೊಟ್ಟ. ಸೈಮಿ ಲ್ಯಾಪ್‌ಟಾಪನ್ನು ಗಂಡನ ತೊಡೆಯ ಮೇಲಿಟ್ಟು ಮೊದಲಕ್ಷರ ಒತ್ತಿ, ಕೈ ಹಿಂದೆಗೆದಳು.

"ನಿಂದು."

ತೊರ್‌ಸ್ತಿ ಎಡಗೈಯ ತೋರುಬೆರಳಿಂದ ಓ ಒತ್ತಿದ. ಮುಂದಿನೆರಡು ಅವಳು, ಆಮೇಲಿನ ಓ ಮತ್ತೆ ಅವನು. ವರ್ಷವನ್ನು ಅವಳೇ ಒತ್ತಿದಳು. ಡಿಸ್ಕು ತೆರೆದುಕೊಂಡಿತು. "ಹಾಡುಗಳು" ಎಂಬ ಕಡತ ಎಲ್ಲಕ್ಕಿಂತ ಮೇಲೆಯೇ ಇತ್ತು.

"ಪೆದ್ದಿ ಅಂತ ಬೈಸ್ಕೊಂಡು ಬಾಗಿಲು ತೆಗೆಸ್ಕೊಂಡೆ ನೋಡು," ಎಂದು ಅವಳು ಕಣ್ಣೊರೆಸಿಕೊಂಡಳು.

ಉರ್ಹೊ ಹಾಡುಗಳನ್ನೆಲ್ಲ ಮತ್ತೊಂದು ಕಡೆ ನಕಲು ಮಾಡಿಟ್ಟ. ಸೈಮಿ ಕಾಫಿಗೆ ನೀರಿಟ್ಟು ಬಂದು ನೋಡಿದರೆ, ಆ ಖಾಲಿ ಪುಟ ಮತ್ತೆ ಮುಂದೆ ಬಂದಿತ್ತು. ತೊರ್‌ಸ್ತಿಯ ಬೆರಳು ಕೀಲಿಯ ಮೇಲೇ ಇತ್ತು. ಅರ್ಧವಿರಾಮದ ಪಕ್ಕದಿಂದ ಶುರುವಾಗಿ ಚುಕ್ಕೆ ಹೊತ್ತ ಓಗಳು, ಅವನಿಗೆ ಉಳಿದಿದ್ದ ಆ ಒಂದೇ ದನಿ, ಸಾಲಿನ ಕೆಳಗೆ ಸಾಲು ತುಂಬುತ್ತಿದ್ದವು. ಅವಳು ಅವನ ಕೈ ಎತ್ತಲಿಲ್ಲ. ಪಕ್ಕದಲ್ಲಿ ಕೂತು ಪುಟ ತುಂಬುವುದನ್ನು ನೋಡಿದಳು.