ಹಿಂಬಾಗಿಲಿನ ಹೊಸ್ತಿಲು

ಕಡಲು ದಾಟಿಸುವ ಫೆರಿ ಹೊರಡದ ಭಾನುವಾರ ಇನಿಶ್‌ಗಾರಾ ದ್ವೀಪದ ಹೆಂಗಸರ ತಂಡ ಸೋತಿತೆಂದು ಜಿಲ್ಲೆಯ ಪಂದ್ಯ ನಡೆಸುವ ಕೌಂಟಿ ಸಮಿತಿ ತೀರ್ಮಾನಿಸಿತು. ಗೆದ್ದವರು ಕಿಲ್‌ಬ್ರಾನ್ ಬಂದರಿನ ಹೆಂಗಸರು. ಆಟ ನಡೆದಿರಲಿಲ್ಲ.

ಕಿಲ್‌ಬ್ರಾನ್ ತಂಡದ ನಾಯಕಿ ಫಿಡೆಲ್ಮಾ ಗಿಲ್‌ಮಾರ್ಟಿನ್ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಬೂಟಿನ ಒಣಕೆಸರು ಕೆರೆಯುತ್ತಿದ್ದಾಗ ಫೋನು ಬಂತು. ತಂಡ ನಡೆಸುವ ಮ್ಯಾಲಕಿಯ ಫೋನು. ಮನೆ ಕಟ್ಟಿಸುವ ಗುತ್ತಿಗೆದಾರ, ಕೌಂಟಿ ಸಮಿತಿಯಲ್ಲೂ ಒಂದು ಕುರ್ಚಿ ಇಟ್ಟುಕೊಂಡವನು.

"ಬೂಟು ತೆಗೆದಿಡು ತಾಯಿ. ನಾವು ಗೆದ್ವಿ."

"ಯಾರ ಮೇಲೆ?"

"ಗಾಳಿ ಮೇಲೆ," ಎಂದು ಮ್ಯಾಲಕಿ ನಕ್ಕ. "ಫೆರಿ ಬಿಟ್ಟಿಲ್ಲ. ಅವರು ಬರಲ್ಲ. ರೂಲು ಅಂದ್ರೆ ರೂಲು."

ಹಿಂದಿನ ಕಾಲವಾಗಿದ್ದರೆ ಇನಿಶ್‌ಗಾರಾದ ಆ ವರ್ಷ ಅಲ್ಲಿಗೇ ಮುಗಿಯುತ್ತಿತ್ತು. ಕೈಯಲ್ಲೂ ಕಾಲಲ್ಲೂ ಚೆಂಡಾಡುವ ಈ ಆಟಕ್ಕೆ ಅಜ್ಜಂದಿರ ಕಾಲದಿಂದ ಒಂದೇ ಕಟ್ಟಳೆ: ಸೋತವರು ಮನೆಗೆ. ಚಳಿಗಾಲವಿಡೀ ಮಳೆಯಲ್ಲಿ ಓಡಿ, ಹಲ್ಲು ಕಟಕಟಿಸುತ್ತ ತಣ್ಣೀರಲ್ಲಿ ಮೈತೊಳೆದು, ಮೇ ತಿಂಗಳ ಒಂದು ಮಧ್ಯಾಹ್ನ ಒಂದೇ ಪಾಯಿಂಟಿನಿಂದ ಸೋತರೆ ಮುಂದಿನ ಮೇವರೆಗೆ ಬೇಲಿಯಾಚೆ ನಿಂತು ಬೇರೆಯವರ ಆಟ ನೋಡಬೇಕು. ಎಲ್ಲರಿಗೂ ಒಂದೇ ನ್ಯಾಯ ಎಂದು ಹೇಳುತ್ತಿದ್ದರು. ದೊಡ್ಡ ಊರಿಗೆ ಒಬ್ಬಳ ಕಾಲು ಉಳುಕಿದರೆ ಬೆಂಚಿನ ಮೇಲೆ ಇನ್ನೊಂದು ತಂಡವೇ ಕೂತಿರುತ್ತಿತ್ತು. ಸಣ್ಣ ಊರಿಗೆ ಒಂದು ಕಾಲು ಉಳುಕಿದರೆ ವರ್ಷವೇ ಉಳುಕುತ್ತಿತ್ತು. ಒಂದೇ ನ್ಯಾಯ ಯಾವಾಗಲೂ ಒಂದೇ ಮನೆಯ ಕಡೆಗೆ ನಡೆದುಹೋಗುತ್ತದೆ. ದಾರಿ ಅದಕ್ಕೆ ಚೆನ್ನಾಗಿ ಗೊತ್ತು.

ಆ ವರ್ಷ ಮಾತ್ರ ಸಮಿತಿಯವರು ಮನಸ್ಸು ಮಾಡಿ, ಮೊದಲ ಸುತ್ತಿನಲ್ಲಿ ಸೋತವರಿಗೆ ಇನ್ನೊಂದು ದಾರಿ ತೆರೆದಿದ್ದರು. ಸೋತವರು ಸೋತವರೊಡನೆ ಆಡುತ್ತ, ಒಬ್ಬೊಬ್ಬರನ್ನೇ ದಾಟಿ ಮೇಲೆ ಬರಬಹುದು. ಮತ್ತೆ ಎಡವಿದರೆ ಮುಗಿಯಿತು. ಜನ ಅದಕ್ಕೆ ಹಿಂಬಾಗಿಲು ಎಂದು ಹೆಸರಿಟ್ಟರು.

ಕನ್ಸೆಪ್ಟಾಳ ಮಾಂಸದಂಗಡಿಯಲ್ಲಿ ಅದೇ ಜಗಳ. ಫಿಡೆಲ್ಮಾ ಬ್ರೆಡ್ಡಿನ ವ್ಯಾನು ಓಡಿಸುವವಳು. ಬೆಳಿಗ್ಗೆ ಅಲ್ಲಿ ಬ್ರೆಡ್ಡಿನ ತಟ್ಟೆಗಳನ್ನು ಇಳಿಸಲು ಹೋದಾಗಲೆಲ್ಲ ಮುದುಕ ಜಾರ್ಲತ್ ಗಲ್ಲಾದ ಪಕ್ಕದಲ್ಲಿ ಕೋಲೂರಿ ನಿಂತಿರುತ್ತಿದ್ದ. ಯೌವನದಲ್ಲಿ ಮೂಗು ಮುರಿಸಿಕೊಂಡು ಆಡಿದವನು.

"ಸಾವಿಗೆ ಹಿಂಬಾಗಿಲಿದೆಯೇನಮ್ಮಾ?" ಎಂದು ಅವನು ಕೇಳಿದ. "ನಮ್ಮ ಕಾಲದಲ್ಲಿ ಒಂದೊಂದು ಚೆಂಡಿಗೂ ಎದೆ ಒಡೆದುಹೋಗ್ತಿತ್ತು. ಇದೇ ಕೊನೇದು, ಇದೇ ಕೊನೇದು ಅಂತ ಆಡ್ತಿದ್ವಿ. ಈಗ? ಸೋತ್ರೆ ಸೋಲು, ಆಮೇಲೆ ನೋಡ್ಕಳಣ ಅಂತಾರೆ. ಇದು ಆಟಾನಾ, ಬಟ್ಟೆಯಂಗಡಿನಾ, ಸರಿಹೋಗ್ಲಿಲ್ಲ ಅಂದ್ರೆ ವಾಪಸ್ ತರೋಕೆ?"

"ನಿನ್ನ ಮನೆ ಬಾಗಿಲು ತೆಗೆದ್ರೆ ಮೈದಾನ ಕಣಜ್ಜಾ," ಎಂದಳು ಕನ್ಸೆಪ್ಟಾ, ಕತ್ತಿ ಒರೆಸುತ್ತ. "ನಿಂಗೆ ಹಿಂಬಾಗಿಲು ಯಾಕೆ ಬೇಕು? ಆ ದ್ವೀಪದ ಹೆಣ್ಮಕ್ಕಳನ್ನ ಕೇಳು, ಮುಂಬಾಗಿಲು ಎಲ್ಲಿದೆ ಅಂತ."

"ಅವರು ಎರಡನೇ ಆಟಕ್ಕೇ ಉದುರ್ತಾರೆ ಬಿಡು."

ಅವರು ಉದುರಲಿಲ್ಲ.

ಹಿಂಬಾಗಿಲಿನ ಎರಡನೆಯ ಆಟವನ್ನು ನೋಡಲು ಫಿಡೆಲ್ಮಾ ತಂಡದ ಗೆಳತಿ ಬ್ರೋನಾಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಬೆಟ್ಟದ ಕಡೆಯ ಒಂದು ಊರಿಗೆ ಹೋದಳು. ಎದುರಾಳಿಯ ಬಲಾಬಲ ನೋಡಿಬರುವುದು ನೆಪ. ಇನಿಶ್‌ಗಾರಾದವರು ಹಿಂದಿನ ದಿನವೇ ಕಡಲು ದಾಟಿ, ಯಾರದೋ ಚಿಕ್ಕಮ್ಮನ ಮನೆಯ ನೆಲದ ಮೇಲೆ ಮಲಗಿ, ಬಸ್ಸು ಹಿಡಿದು ಬಂದಿದ್ದರು. ಬೆಂಚಿನ ಮೇಲೆ ಒಬ್ಬಳೂ ಇರಲಿಲ್ಲ, ಎಲ್ಲರೂ ಮೈದಾನದಲ್ಲೇ. ಗೋಲಿನ ಮುಂದೆ ನಿಂತವಳು ದ್ವೀಪದ ಅಂಚೆ ಹಂಚುವ ಬಾಬೀನ್, ಐವತ್ತು ದಾಟಿತ್ತು. ಅವಳ ಮುಂದೆ ಕಾವಲಿಗೆ ಅವಳ ಸೊಸೆ. ನಡುಮೈದಾನದಲ್ಲಿ ಮೊಮ್ಮಗಳಾಗಬಹುದಾದ ವಯಸ್ಸಿನವಳು.

"ಇದೇನೇ, ಮದುವೆ ದಿಬ್ಬಣ ಬಂದಹಾಗಿದೆ," ಎಂದು ಬ್ರೋನಾ ನಕ್ಕಳು.

ಆಟ ಶುರುವಾದ ಮೇಲೆ ನಗಲಿಲ್ಲ.

ಆ ದ್ವೀಪದಲ್ಲಿ ಮಟ್ಟಸವಾದ ನೆಲವೇ ಇಲ್ಲ. ಇಳಿತ ಬಂದಾಗ ಕಡಲು ಬಿಟ್ಟುಕೊಡುವ ಮರಳೇ ಅವರ ಮೈದಾನ. ಭರತ ಬರುವುದರೊಳಗೆ ಆಡಿ ಮುಗಿಸಬೇಕು. ಒದ್ದೆ ಮರಳಿನಲ್ಲಿ ಚೆಂಡು ಪುಟಿಯುವುದಿಲ್ಲ. ಹಾಗಾಗಿ ಅವರು ಚೆಂಡನ್ನು ನೆಲಕ್ಕೆ ಬಿಡುವುದನ್ನೇ ಕಲಿತಿರಲಿಲ್ಲ. ಕೈಯಿಂದ ಕಾಲಿಗೆ, ಕಾಲಿನಿಂದ ಇನ್ನೊಬ್ಬಳ ಎದೆಗೆ, ಅಲ್ಲಿಂದ ಮತ್ತೊಬ್ಬಳ ಕೈಗೆ. ಚೆಂಡು ಇಡೀ ಮೈದಾನ ದಾಟಿದರೂ ಹುಲ್ಲಿಗೆ ಅದರ ಗುರುತು ಸಿಗುತ್ತಿರಲಿಲ್ಲ. ಇನ್ನು ಗಾಳಿ. ಬೆಟ್ಟದೂರಿನ ಹುಡುಗಿಯರು ಗಾಳಿಯನ್ನು ಬೈಯುತ್ತಿದ್ದರು. ದ್ವೀಪದವರು ಅದಕ್ಕೆ ಚೆಂಡನ್ನು ಒಪ್ಪಿಸುತ್ತಿದ್ದರು. ಆ ಎಳೆ ಹುಡುಗಿ ಗೋಲಿನಿಂದ ಎಷ್ಟೋ ಆಚೆಗೆ, ಬೇಲಿಯ ಕಡೆಗೆ ಒದ್ದಳು. ಜನ ಗೊಳ್ಳೆಂದರು. ಚೆಂಡು ಬೇಲಿಯ ಮೇಲೆ ಒಂದು ಗಳಿಗೆ ಯೋಚಿಸುವಂತೆ ನಿಂತು, ಮರೆತದ್ದೇನೋ ನೆನಪಾದ ಹಾಗೆ ತಿರುಗಿ ಬಂದು, ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಹಾದುಹೋಯಿತು. ಗೋಲಿನ ಬಳಿಯ ಅಂಪೈರ್ ಪಾಯಿಂಟಿನ ಬಿಳಿ ಬಾವುಟ ಎತ್ತುವುದನ್ನೇ ಮರೆತು ಬಾಯಿ ತೆರೆದು ನಿಂತ.

ಫಿಡೆಲ್ಮಾ ಬೇಲಿಗೆ ಇನ್ನಷ್ಟು ಒತ್ತಿ ನಿಂತಳು. ಇಂಥವರನ್ನು ಕಾಣದೆಯೇ ತಾನು ಗೆದ್ದೆನೆಂದು ಸಮಿತಿ ಹೇಳಿದೆ!

ಅವರು ಆ ಆಟ ಗೆದ್ದರು, ಅದರ ಮುಂದಿನದನ್ನೂ ಗೆದ್ದರು. ಪ್ರತಿ ಭಾನುವಾರವೂ ಬೇರೆಯವರ ಮೈದಾನ, ಪ್ರತಿ ಭಾನುವಾರವೂ ಕಡಲು. ಮುಂಬಾಗಿಲಿನಿಂದ ಹೋಗಿದ್ದ ಕಿಲ್‌ಬ್ರಾನ್ ಅಷ್ಟು ದಿನವೂ ಕಾಲು ನೀಡಿ ಕೂತು ಸುಧಾರಿಸಿಕೊಂಡು, ನಡುವೆ ಒಂದೇ ಒಂದು ಆಟ ಆಡಿತು. ಸೆಮಿಫೈನಲ್ಲಿಗೆ ಚೀಟಿ ಎತ್ತಿದಾಗ ಕಿಲ್‌ಬ್ರಾನಿನ ಎದುರು ಬಂದ ಹೆಸರು ಇನಿಶ್‌ಗಾರಾ. ಇನ್ನು ಯಾರಿಗೂ ಹಿಂಬಾಗಿಲಿಲ್ಲ. ಗೆದ್ದವರು ಫೈನಲ್ಲಿಗೆ, ಸೋತವರು ಮನೆಗೆ.

ಫಿಡೆಲ್ಮಾ ಹದಿನಾರನೆಯ ವಯಸ್ಸಿಗೆ ತಂಡದ ಹಳದಿ ಅಂಗಿ ತೊಟ್ಟವಳು. ಈಗ ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡಿತ್ತು. ಫೈನಲ್ಲಿನ ಹುಲ್ಲನ್ನು ಒಮ್ಮೆಯೂ ತುಳಿದಿರಲಿಲ್ಲ. ಮೊಣಕಾಲು ನೋಡಿದ ಡಾಕ್ಟರು ಇದೇ ಕೊನೆಯ ಬೇಸಿಗೆ ಎಂದಿದ್ದರು. ಅವಳಿಗೆ ಫೈನಲ್ ಬೇಕಿತ್ತು. ಹಸಿದವಳಿಗೆ ಅನ್ನ ಬೇಕಾದಂತೆ ಬೇಕಿತ್ತು.

ದ್ವೀಪದವರು ಸಮಿತಿಗೆ ಎರಡು ಮಾತು ಹೇಳಿಕಳಿಸಿದರು. ಆಟವನ್ನು ಮಧ್ಯಾಹ್ನದ ಮೇಲಕ್ಕೆ ಹಾಕಿ, ಕಡಲು ನೋಡಿಕೊಂಡು ಬರುತ್ತೇವೆ ಎಂಬುದು ಒಂದು. ಮೈದಾನಕ್ಕೆ ಇಳಿಯದೆ, ಮನೆಯಲ್ಲಿ ಕೂತು ಯಾರನ್ನೂ ಗೆದ್ದವರೆನ್ನಬೇಡಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಮಿತಿ ಒಪ್ಪಲಿಲ್ಲ. ಒಬ್ಬರಿಗಾಗಿ ಹೊತ್ತು ಬದಲಿಸಿದರೆ ಉಳಿದವರಿಗೆ ಅನ್ಯಾಯವಂತೆ. ಎರಡನೆಯದಕ್ಕೆ ಧಾರಾಳವಾಗಿ ಒಪ್ಪಿತು. ಹಳೆಯ ಪದ್ಧತಿಯೊಂದನ್ನು ಧೂಳು ಕೊಡವಿ ತಂದಿತು: ಒಂದು ತಂಡ ಬಾರದಿದ್ದರೆ ಅರ್ಧ ಗಂಟೆ ಕಾಯುವುದು, ಆಮೇಲೆ ರೆಫರಿ ಚೆಂಡು ಎಸೆಯುತ್ತಾನೆ, ಬಂದ ತಂಡ ಖಾಲಿ ಗೋಲಿಗೆ ಒಂದು ಪಾಯಿಂಟ್ ಒದೆಯಬೇಕು. ಒದ್ದರೆ ಗೆಲುವು. ಹಿಂಬಾಗಿಲನ್ನು ತೆರೆದ ಕೈಗಳೇ ಅದರ ಹೊಸ್ತಿಲನ್ನು ಎದೆಯೆತ್ತರಕ್ಕೆ ಕಟ್ಟಿದವು.

ಆ ವಾರ ಶುಕ್ರವಾರದಿಂದಲೇ ವಾಯವ್ಯದ ಗಾಳಿ ಎದ್ದು, ಭಾನುವಾರವೂ ಇಳಿದಿರಲಿಲ್ಲ. ಆ ಗಾಳಿಗೆ ಫೆರಿ ದ್ವೀಪದ ಕಟ್ಟೆಗೆ ತಾಗಿ ನಿಲ್ಲಲಾರದು. ಬಂದರಿನಲ್ಲೇ ಹಗ್ಗ ಬಿಗಿದುಕೊಂಡು ನಿಂತಿತ್ತು. ಕಿಲ್‌ಬ್ರಾನಿನ ಮೈದಾನ ಕಡಲ ಪಕ್ಕಕ್ಕೇ ಇದೆ. ಪಡುವಣ ಗೋಲಿನ ಹಿಂದೆ ಒಂದು ಮೋಟು ಗೋಡೆ, ಅದರಾಚೆ ನೀರು. ಊರೆಲ್ಲ ಬಂದು ಗೋಡೆಗೆ ಒರಗಿ, ಬಿಸಿ ಚಹಾ ಕುಡಿಯುತ್ತ ನಿಂತಿತ್ತು. ಹಳದಿ ಅಂಗಿಯವರು ಮೈದಾನಕ್ಕೆ ಇಳಿದರು. ಇನ್ನೊಂದು ಅರ್ಧ ಖಾಲಿ. ರೆಫರಿ ಕೋಲ್ಮನ್ ಗಡಿಯಾರ ನೋಡಿಕೊಂಡ.

"ಚಳಿಗೆ ಸಾಯೋಕಿಂತ ಈಗ್ಲೇ ಒದ್ದು ಮನೆಗೆ ಹೋಗಣ," ಎಂದು ಒಬ್ಬಳು ಗೊಣಗಿದಳು.

"ಕಾಯೇ. ಗೋಲ್‌ಕೀಪರ್ ಇಲ್ದೇ ಇದ್ರೂ ನೀನು ಹೊರಗೇ ಒದೆಯೋಳು," ಎಂದಳು ಬ್ರೋನಾ.

ಆಗ ಗೋಡೆಯ ಬಳಿ ಯಾರೋ "ಅಯ್ಯೋ ದೇವರೇ" ಎಂದರು.

ಫಿಡೆಲ್ಮಾ ತಿರುಗಿದಳು. ಪಡುವಣ ಗೋಲಿನ ಎರಡು ಕಂಬಗಳ ನಡುವೆ ಕಡಲು ಬೂದಿಬಣ್ಣದ ಗುಡ್ಡಗಳಾಗಿ ಎದ್ದು ಬೀಳುತ್ತಿತ್ತು. ಒಂದು ಗುಡ್ಡದ ನೆತ್ತಿಯ ಮೇಲೆ ಒಂದು ಕಪ್ಪು ಚುಕ್ಕೆ. ಮುಳುಗಿತು. ಜನ ಗೋಡೆಯ ಮೇಲೆ ಬಗ್ಗಿದರು. ಮತ್ತೆ ಎದ್ದಿತು, ಜೊತೆಗೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಏಡಿ ಹಿಡಿಯುವ ದೋಣಿಗಳು. ದ್ವೀಪದ ಗಾಳಿಮರೆಯ ಕಡೆಯಿಂದ ನೀರಿಗಿಳಿಸಿ, ಭೂಶಿರವನ್ನು ಸುತ್ತಿ ಬರುತ್ತಿದ್ದವು. ಅಲೆ ಬಂದಾಗ ಒಂದೂ ಕಾಣದು. ಕಡಲು ಬರಿದಾಗಿ, ಎಂದೂ ಯಾರೂ ಅಲ್ಲಿ ಇರಲೇ ಇಲ್ಲ ಎಂಬಂತೆ ಇರುತ್ತಿತ್ತು. ಮತ್ತೆ ಆ ಬೂದಿಯೊಳಗಿಂದ ಒಂದೊಂದೇ ಮೇಲೇಳುತ್ತಿದ್ದವು. ಹತ್ತಿರವಾದಂತೆ ಮಳೆಯಂಗಿಗಳ ಕೊರಳಲ್ಲಿ ಕೆಂಪು ಕಂಡಿತು. ಆಟದ ಅಂಗಿ ತೊಟ್ಟೇ ಹೊರಟಿದ್ದರು. ಮುಂದಿನ ದೋಣಿಯ ಮೂತಿಯಲ್ಲಿ ಯಾರೋ ನೀರು ಮೊಗೆದು ಚೆಲ್ಲುತ್ತಿದ್ದರು. ಆ ಗಟ್ಟಿ ಹೆಗಲು ಅಂಚೆಯ ಬಾಬೀನಳದೇ.

 ಚಹಾದ ಲೋಟಗಳು ಕೈಯಲ್ಲೇ ತಣ್ಣಗಾದವು. ಬದುಕೆಲ್ಲ ಈ ಕಡಲಿನ ಬಾಯಲ್ಲೇ ಕಳೆದ ಜನ ಅವರು. ಕಾಣುತ್ತಿರುವುದು ಏನೆಂದು ಅವರಿಗೆ ಗೊತ್ತಿತ್ತು. ಜಾರ್ಲತ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಚರ್ಚಿನ ಪೂಜೆಯ ಹೊತ್ತಿಗೂ ಅವನು ಇಷ್ಟು ಬೇಗ ಟೋಪಿ ತೆಗೆದವನಲ್ಲ.

ಕೋಲ್ಮನ್ ಸೀಟಿ ಊದಿದ. ಅರ್ಧ ಗಂಟೆ ಆಗಿತ್ತು.

"ಕಣ್ಣಿಗೆ ಕಾಣ್ತಿದಾರಲ್ಲೋ!" ಎಂದಳು ಬ್ರೋನಾ.

"ಕಡಲಲ್ಲಿ ಕಾಣ್ತಿದಾರೆ, ಮೈದಾನದಲ್ಲಿಲ್ಲ," ಎಂದ ರೆಫರಿ, ಮುಖ ತಗ್ಗಿಸಿ. "ನಾನೇನು ಮಾಡ್ಲಮ್ಮ? ಚೆಂಡು ಎಸೀಬೇಕು. ನೀವು ಒದ್ರೆ ಮುಗೀತು. ಒದೀದೆ ನಾನು ಗೆಲುವು ಕೊಡೋ ಹಾಗಿಲ್ಲ."

ಚೆಂಡು ಎಸೆದ. ಅದು ಹುಲ್ಲಿನ ಮೇಲೆ ಉರುಳಿ ನಿಂತಿತು. ಯಾರೂ ಅಲುಗದಿದ್ದಾಗ ಫಿಡೆಲ್ಮಾ ಬಗ್ಗಿ ಎತ್ತಿಕೊಂಡಳು. ನಾಯಕಿ ಅವಳು, ಒದೆಯುವ ಕಾಲೂ ಅವಳದೇ.

"ಒದಿಯೇ ಫಿಡೆಲ್ಮಾ!" ಮ್ಯಾಲಕಿ ಗೆರೆಯ ಬಳಿಯಿಂದ ಕೂಗಿದ. "ಒಂದೇ ಒಂದು ಒದೆ, ಫೈನಲ್ಲು!"

ಅವಳು ನಡೆದಳು. ಕಂಬಗಳು ಹತ್ತಿರವಾದವು. ಇಲ್ಲಿಂದ ಕಣ್ಣು ಮುಚ್ಚಿ ಒದ್ದರೂ ಹೋಗುತ್ತದೆ. ತೊಡೆ ತಾನಾಗಿಯೇ ಬಿಗಿಯಿತು. ಇಷ್ಟು ವರ್ಷ ಅದಕ್ಕೆ ಕಲಿಸಿದ್ದು ಅದನ್ನೇ. ಫೈನಲ್ಲಿನ ಹುಲ್ಲು, ಬ್ಯಾಂಡಿನ ಹಿಂದೆ ಸಾಲಾಗಿ ನಡೆಯುವುದು, ನಾಯಕಿಯ ಹೆಸರು ಮೈಕಿನಲ್ಲಿ. ಎಲ್ಲ ಒಂದು ಒದೆಯಾಚೆ. ಅಡ್ಡಪಟ್ಟಿಯ ಕೆಳಗೆ, ಕಂಬಗಳ ಚೌಕಟ್ಟಿನೊಳಗೆ, ಮುಂದಿನ ದೋಣಿ ಅಲೆಯ ತುದಿಗೇರಿತು. ಅದರಲ್ಲಿ ಒಬ್ಬಳು ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಬಂದೆವು ಬಂದೆವು ಎಂಬಂತೆ ಬೀಸಿದಳು.

ಫಿಡೆಲ್ಮಾ ನಿಂತಳು.

"ಏನಾಯ್ತೇ? ಮೊಣಕಾಲಾ?" ಮ್ಯಾಲಕಿ ಮೈದಾನದೊಳಗೇ ಓಡಿ ಬಂದ.

"ಮೊಣಕಾಲು ಚೆನ್ನಾಗಿದೆ."

"ಮತ್ತೆ ಒದಿ. ಯಾರ ನಿಯಮಾನೂ ಮುರೀತಿಲ್ಲ ನಾವು. ಅವರಿಗೆ ಎರಡು ಸಲ ಅವಕಾಶ ಕೊಟ್ಟಾಯ್ತು, ಎರಡು ಸಲ!"

"ಒಂದ್ಸಲಾನೂ ಕೊಟ್ಟಿಲ್ಲ. ನಾವಿನ್ನೂ ಅವರ ಜೊತೆ ಆಡೇ ಇಲ್ಲ ಮ್ಯಾಲಕಿ."

"ಸೋತೋರು ಮನೆಗೆ ಅನ್ನೋದು ನಿನ್ನ ಅಜ್ಜನ ಕಾಲದಿಂದ ಬಂದ ಕಟ್ಟಳೆ! ಕೇಳು ಬೇಕಾದ್ರೆ, ಅಲ್ಲಿ ನಿಂತಿದಾನಲ್ಲ ಜಾರ್ಲತ್ತು!"

"ನನ್ನ ಹೆಸರು ಎಳೀಬೇಡ್ವೋ!" ಗೋಡೆಯ ಬಳಿಯಿಂದ ಮುದುಕ ಗದರಿದ. "ಸೋತೋರು ಮನೆಗೆ ಹೋಗ್ಲಿ ಅಂದಿದ್ದು ನಾನು. ಬಂದೋರನ್ನ ಕಳ್ಸು ಅಂದಿಲ್ಲ!"

ಮ್ಯಾಲಕಿ ದನಿ ತಗ್ಗಿಸಿದ. "ಕೇಳಿಲ್ಲಿ. ಈ ಒದೆ ಒದೀಲಿಲ್ಲ ಅಂದ್ರೆ ಈ ಅಂಗಿ ಇನ್ನೊಂದು ಸಲ ನಿನ್ನ ಮೈ ಮೇಲೆ ಬರಲ್ಲ. ಗೊತ್ತಾಯ್ತಾ? ಬ್ರೋನಾ, ಬಾ ಇಲ್ಲಿ. ಇವಳ ಕೈಯಿಂದ ಚೆಂಡು ಇಸ್ಕೊ."

ಬ್ರೋನಾ ಬಂದಳು. ಫಿಡೆಲ್ಮಾಳ ಪಕ್ಕದಲ್ಲಿ ನಿಂತು, ಎರಡೂ ಕೈಗಳನ್ನು ಕಂಕುಳಲ್ಲಿ ಬೆಚ್ಚಗೆ ಇಟ್ಟುಕೊಂಡು ಕಡಲು ನೋಡತೊಡಗಿದಳು. ಉಳಿದ ಹಳದಿ ಅಂಗಿಗಳು ಒಂದೊಂದಾಗಿ ಅವರ ಹಿಂದೆ ಬಂದು ನಿಂತವು. ಫಿಡೆಲ್ಮಾ ಚೆಂಡನ್ನು ಹುಲ್ಲಿನ ಮೇಲಿಟ್ಟು, ಅದರ ಮೇಲೆ ಕೂತಳು.

"ಒದಿ," ಎಂದ ಮ್ಯಾಲಕಿ.

"ಒದೆಯಲ್ಲ," ಎಂದಳು.