ಒಂಬತ್ತನೆಯ ತಿಂಗಳ ಖಾನೆ

ಮಳೆ ಕೈಕೊಟ್ಟ ಎರಡನೆಯ ವರ್ಷ. ಚಿಂತಾಕಿಯ ಆಚೆಗಿನ ಒಂದು ಸಣ್ಣ ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಮಚ್ಛೇಂದ್ರ, ಮಕ್ಕಳ ಲಸಿಕೆಯ ಲೆಕ್ಕವಿರುವ ತಾಯಿ ಕಾರ್ಡುಗಳ ಕಟ್ಟು ಬಿಚ್ಚಿದಾಗ ಗುರುವಾರ ಬೆಳಗಿನ ಹತ್ತು ಗಂಟೆ. ಬೀದರದ ಮೈಲೂರಿನಿಂದ ಬೈಕು ಹತ್ತಿ ಹಳ್ಳಿ ಹಳ್ಳಿ ತಿರುಗಿ, ಮಕ್ಕಳಿಗೆ ಲಸಿಕೆ ಸರಿಯಾಗಿ ಬೀಳುತ್ತಿದೆಯೋ ಇಲ್ಲವೋ ನೋಡುವುದು, ತಪ್ಪಿದಲ್ಲಿ ತಿದ್ದುವುದು ಅವನ ಕೆಲಸ. ಮೂರು ತಿಂಗಳ ಹಿಂದೆ ಬಂದಾಗ ಅವನ ಪಟ್ಟಿಯಲ್ಲಿ ಈ ಕೇಂದ್ರವೇ ಎಲ್ಲಕ್ಕಿಂತ ಕೆಳಗಿತ್ತು. ಭೇಟಿ ಪುಸ್ತಕದಲ್ಲಿ ಕೆಂಪು ಪೆನ್ನಿನಿಂದ ಎರಡೇ ಸಾಲು ಬರೆದು ಹೋಗಿದ್ದ: ಕಾರ್ಡುಗಳು ಅಪೂರ್ಣ. ಲಸಿಕೆ ವ್ಯರ್ಥವಾಗುತ್ತಿದೆ.

ಈಗ ನೋಡಿದರೆ ಒಂದು ಕಾರ್ಡಿನಲ್ಲೂ ಖಾಲಿ ಖಾನೆ ಇಲ್ಲ. ನರ್ಸ್ ಮಹಮೂದಾ ಬೇಗಂ ಸಾಹೇಬರ ಭೇಟಿಗೆಂದು ಮಂಗಳವಾರವೇ ಮನೆ ಮನೆ ತಿರುಗಿ ಕಾರ್ಡು ಕೂಡಿಸಿ ತಂದಿದ್ದಳು. ಮಚ್ಛೇಂದ್ರನ ಮುಖ ಅರಳಿತು. ಆಮೇಲೆ ಅವನ ಬೆರಳು ಒಂದು ಕಡೆ ನಿಂತಿತು. ನಾಲ್ಕು ಕಾರ್ಡುಗಳಲ್ಲಿ ಒಂಬತ್ತನೆಯ ತಿಂಗಳ ದಡಾರದ ಚುಚ್ಚುಮದ್ದಿನ ಎದುರು ಇವತ್ತಿನ ತಾರೀಖು, ನರ್ಸಿನ ಸಹಿ. ಆದರೆ ಹೊರಗೆ ಕಟ್ಟೆಯ ಮೇಲೆ ಒಂದು ಕೂಸೂ ಇರಲಿಲ್ಲ. ಲಸಿಕೆಯ ನೀಲಿ ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಕೇಳಿದ. ಮಹಮೂದಾ ಬೇಗಂ ಮುಚ್ಚಿಡುವ ಹೆಣ್ಣಲ್ಲ.

"ನೀವು ಮುಂಜಾನಿ ಬಂದು ಕಾರ್ಡ್ ನೋಡ್ತೀರಿ, ಕೂಸುಗಳು ಮಧ್ಯಾಹ್ನ ಬರ್ತಾವ. ಖಾಲಿ ಕಂಡ್ರ ಮತ್ತ ಕೆಂಪು ಬರೀತೀರಿ. ಅದಕ್ಕ ನಿನ್ನೇನೇ ಬರದಿಟ್ಟೇನ್ರಿ ಸರ್."

ಮೂವರು ಊರಲ್ಲೇ ಇದ್ದಾರೆ, ಬರುತ್ತಾರೆ ಎಂದಳು. ನಾಲ್ಕನೆಯದು ಪುತಳಾಬಾಯಿಯ ಮಗಳು. ಪುತಳಾಬಾಯಿ ಹೋದ ಗುರುವಾರವೇ ಕೂಸನ್ನು ಎತ್ತಿಕೊಂಡು ಬಂದಿದ್ದಳಂತೆ. ಒಂದು ಬಾಟಲಿ ಐದು ಮಕ್ಕಳಿಗಾಗುತ್ತದೆ. ಒಡೆದು ಕಲಸಿದರೆ ನಾಲ್ಕು ತಾಸು ಬಾಳುತ್ತದೆ, ಆಮೇಲೆ ಉಳಿದದ್ದನ್ನು ಚೆಲ್ಲಬೇಕು. ಬಂದದ್ದು ಒಂದೇ ಕೂಸು. ನರ್ಸಿಗೆ ಕೆಂಪು ಸಾಲು ನೆನಪಾಗಿ, ಮುಂದಿನ ವಾರ ನಾಲ್ಕು ಕೂಸು ಕೂಡುತ್ತವೆ, ಆಗ ಬಾ ಎಂದು ಕಳಿಸಿದಳು. ಶುಕ್ರವಾರ ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಡುವವರು, ಗುರುವಾರ ಇರುತ್ತೇವೆ ಎಂದು ಆಕೆಯೂ ಒಪ್ಪಿದಳು. ಆದರೆ ನೀರಿನ ಟ್ಯಾಂಕರು ನಾಲ್ಕು ದಿನದಿಂದ ಊರಿಗೆ ಬಂದಿಲ್ಲ. ಇನ್ನು ಯಾತಕ್ಕೆ ಕಾಯುವುದೆಂದು, ಕೂಲಿಗಳನ್ನು ಕರೆದೊಯ್ಯುವ ಮುಕಾದಮ ಇವತ್ತು ನಸುಕಿನಲ್ಲೇ ಟೆಂಪೋ ತಂದು ಎಲ್ಲರನ್ನೂ ಹತ್ತಿಸಿಕೊಂಡು ಹೋದ. ಮನೆಗೆ ಕೀಲಿ ಬಿದ್ದಿದೆ. ಕಾರ್ಡು ಮಾತ್ರ ಇಲ್ಲಿ.

ಒಂದೇ ಕೂಸಿದ್ದರೂ ಬಾಟಲಿ ಒಡೆಯಬೇಕು ಎಂಬುದು ತರಬೇತಿಯ ಪುಸ್ತಕದಲ್ಲಿತ್ತು. ಮಚ್ಛೇಂದ್ರ ಓದಿದ್ದ. ಆದರೆ ಕೆಂಪು ಪೆನ್ನು ಅದನ್ನು ಬರೆದಿರಲಿಲ್ಲ.

ರೈಲು ಭಾಲ್ಕಿಯಿಂದ, ಮಧ್ಯಾಹ್ನಕ್ಕೆ. ಡಬ್ಬಿ ತೆಗೆದುಕೊಂಡು ಬೈಕಿನ ಹಿಂದೆ ಕೂತುಕೊಳ್ಳಿ ಎಂದ. ಡಬ್ಬಿ ಕೇಂದ್ರ ಬಿಟ್ಟು ಹೊರಗೆ ಹೋಗಬಾರದು ಅಂತ ನಿಮ್ಮ ನಿಯಮದ ಪಟ್ಟಿಯಲ್ಲೇ ಇದೆಯಲ್ಲ ಎಂದಳು. ಬರುವ ಮೂರು ಕೂಸುಗಳನ್ನು ಯಾರು ನೋಡಬೇಕು? ಅವನಿಗೆ ಸೂಜಿ ಹಿಡಿಯಲು ಬಾರದು. ಕಾರ್ಡೊಂದನ್ನೇ ಜೇಬಿಗೆ ಹಾಕಿಕೊಂಡು ಹೊರಟ. ಸಂತಪುರ ದಾಟಿದ ಮೇಲೆ ಒಂದು ಯೋಚನೆ ಅವನ ಬೆನ್ನು ಹತ್ತಿತು: ಈ ಕಾರ್ಡು ಕೊಟ್ಟರೆ ಕೂಸಿಗೆ ಲಸಿಕೆ ಆಗಿದೆ ಎಂದು ಪುಣೆಯಲ್ಲಿ ಯಾರೂ ಹಾಕುವುದಿಲ್ಲ. ಕೊಡದಿದ್ದರೆ, ಹುಟ್ಟಿದಾಗಿನಿಂದ ಬಿದ್ದ ಲಸಿಕೆಗಳಿಗೂ ಸಾಕ್ಷಿಯಿಲ್ಲ.

ಭಾಲ್ಕಿ ಸ್ಟೇಷನ್ನಿನಲ್ಲಿ ಗಂಟುಗಳ ನಡುವೆ ಪುತಳಾಬಾಯಿ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ಗಂಡ ಪಂಢರಿ ನಳದ ಕೆಳಗೆ ಇದ್ದಬದ್ದ ಡಬ್ಬಿಗಳನ್ನೆಲ್ಲ ತುಂಬುತ್ತಿದ್ದ. ಕಾರ್ಡು ಕಂಡು ಇಬ್ಬರಿಗೂ ಹಿಗ್ಗು.

"ನನ್ನ ಲಗ್ನಕ್ಕೂ ಯಾರೂ ಇಷ್ಟ್ ಓಡಿ ಬಂದಿದ್ದಿಲ್ರಿ ಸಾಹೇಬ್ರ," ಎಂದ ಪಂಢರಿ.

ಇವತ್ತೊಂದು ದಿನ ಇಲ್ಲೇ ಉಳಿಯಿರಿ, ಭಾಲ್ಕಿಯ ದವಾಖಾನೆಯಲ್ಲಿ ಹಾಕಿಸಿಕೊಂಡು ನಾಳೆ ಹೋಗಿರಿ ಎಂದು ಮಚ್ಛೇಂದ್ರ ಬೇಡಿಕೊಂಡ. ಪಂಢರಿ ಸಣ್ಣ ಮಕ್ಕಳಿಗೆ ತಿಳಿಹೇಳುವಂತೆ ಹೇಳಿದ: ಟಿಕೀಟು ಮುಕಾದಮನ ಕೈಯಲ್ಲಿ, ಹನ್ನೊಂದು ಮಂದಿಗೆ ಕೂಡಿ ಒಂದೇ. ಅವ ಯಾರಿಗೂ ಕಾಯುವವನಲ್ಲ. ಮೈಕಿನಲ್ಲಿ ರೈಲಿನ ಹೆಸರು ಕೂಗಿದರು.

ಮಚ್ಛೇಂದ್ರನ ಬಳಿ ಇದ್ದದ್ದು ಆ ಒಂದೇ ಪೆನ್ನು. ಕಾರ್ಡನ್ನು ತೊಡೆಯ ಮೇಲಿಟ್ಟು ಒಂಬತ್ತನೆಯ ತಿಂಗಳ ಖಾನೆಗೆ ಅಡ್ಡ ಗೀಟು ಎಳೆದ. ಹಾಕಿಲ್ಲ, ಹಾಕಬೇಕು ಎಂದು ಪಕ್ಕದಲ್ಲಿ ಮರಾಠಿಯಲ್ಲಿ ಬರೆದು ಸಹಿ ಮಾಡಿದ. ಪುತಳಾಬಾಯಿಗೆ ಓದು ಬಾರದು, ಆದರೆ ಕೆಂಪು ಗೀಟು ಎಂದರೇನೆಂದು ಗೊತ್ತಿತ್ತು.

"ಕಾರ್ಡ್ ಛಲೋ ಇತ್ತಲ್ರಿ ಸರ್. ಯಾಕ ಹೊಡದ್ರಿ? ನಾ ಕರದಾಗ ಬಂದಿದ್ನಲ್ರಿ."

ತಪ್ಪು ನಿಮ್ಮದಲ್ಲ ಎಂದ. ಪುಣೆಯಲ್ಲಿ ಇಳಿದ ದಿನವೇ ಇದನ್ನು ದವಾಖಾನೆಯಲ್ಲಿ ತೋರಿಸಬೇಕೆಂದು ಮೂರು ಸಲ ಹೇಳಿದ. ಯಾವ ದವಾಖಾನೆ ಎಂದು ಆಕೆ ಕೇಳಿದಳು. ಪುಣೆಯಲ್ಲಿ ಎಲ್ಲಿ ಇರುತ್ತೀರಿ ಎಂದು ಇವನು ಕೇಳಿದ. ಅದು ಮುಕಾದಮನಿಗೇ ಗೊತ್ತಂತೆ. ಅಷ್ಟರಲ್ಲಿ ರೈಲು ಬಂತು. ಪುತಳಾಬಾಯಿ ಕಾರ್ಡನ್ನು ನಾಲ್ಕು ಮಡಿಕೆ ಮಾಡಿ ಯಾರಿಗೂ ಕಾಣದಂತೆ ಜೋಳದ ಹಿಟ್ಟಿನ ಚೀಲದ ತಳಕ್ಕೆ ಇಳಿಸಿದಳು. ಅದು ಮೇಲೆ ಇರಲಿ, ಕೈಗೆ ಸಿಗುವ ಹಾಗೆ ಇರಲಿ ಎಂದು ಅವನು ಕೂಗಿದ್ದು ಗದ್ದಲದಲ್ಲಿ ಹೋಯಿತು.

ರೈಲು ಹೋದ ಮೇಲೆ ಮಹಮೂದಾ ಬೇಗಂ ಫೋನು ಮಾಡಿದಳು. ಮೂವರಲ್ಲಿ ಇಬ್ಬರು ಬಂದಿಲ್ಲ, ಕೂತದ್ದು ಒಂದೇ ಕೂಸು. ಏನು ಮಾಡಲಿ?

"ಒಡೀರಿ ಸಿಸ್ಟರ್. ಒಂದಕ್ಕಾದ್ರೂ ಬಾಟ್ಲಿ ಒಡೀರಿ."

ಆ ಕಡೆ ಕೂಸು ಅಳುವುದು ಕೇಳುತ್ತಿತ್ತು.

"ಅದನ್ನ ಭೇಟಿ ಬುಕ್ಕಿನಾಗ ಬರದು ಕೊಡ್ತೀರೇನ್ರಿ ಸರ್?" ಎಂದಳು ಆಕೆ.