ಹೊರಗಿನ ಕುದುರೆಗೆ ನೀರು

ಬೆರಳ ತುದಿಯಿಂದ ಅವಳು ನೀರು ಚಿಮುಕಿಸಿದಳು. ಇಸ್ತ್ರಿ ಪೆಟ್ಟಿಗೆ ಚುರ್ ಎಂದಿತು. ಇನ್ನೂ ಕಾದಿಲ್ಲ. ಸರಿಯಾಗಿ ಕಾದ ಪೆಟ್ಟಿಗೆ ಚುರ್ ಎನ್ನುವುದಿಲ್ಲ, ಹನಿಯನ್ನು ಚಟ್ಟನೆ ಎಗರಿಸಿಬಿಡುತ್ತದೆ. ಮುಚ್ಚಳ ತೆಗೆದು ಇದ್ದಲಿಗೆ ಬೀಸಣಿಗೆಯಿಂದ ಗಾಳಿ ಹಾಕಿದಳು. ಬೂದಿ ಹಾರಿ ಅವಳ ಕೂದಲ ಮೇಲೆ ಕೂತಿತು. ಕೂದಲೂ ಬೂದಿಯ ಬಣ್ಣದ್ದೇ ಆದ್ದರಿಂದ ಕಾಣಿಸಲಿಲ್ಲ.

"ಅಮ್ಮಾ, ಏನ್ಮಾಡ್ತಿದೀಯಾ?" ಒಳಬಾಗಿಲಲ್ಲಿ ಮಗಳು ನಿಂತಿದ್ದಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು. "ಜನ ಬಂದು ಕೂತಿದಾರೆ. ಒಳಗೆ ಅಪ್ಪನ್ನ ಮಲಗಿಸಿಟ್ಟು ನೀನು ಅಂಗಡೀಲಿ ಇಸ್ತ್ರಿ ಮಾಡ್ತಾ ನಿಂತ್ರೆ ಏನಂದ್ಕೊಳ್ತಾರೆ?"

"ಅಂದ್ಕೊಳ್ಳಲಿ ಬಿಡು. ಊರಿನವರ ಬಟ್ಟೆಗೆಲ್ಲ ಇಸ್ತ್ರಿ ಮಾಡಿದ್ರು. ತಮ್ಮದು ಮಾತ್ರ ಮುದುರಿದ ಅಂಗೀನೇ ಹಾಕ್ಕೊಂಡು ಓಡಾಡಿದ್ರು. ಇವತ್ತೊಂದಿನ ನೆಟ್ಟಗೆ ಹೋಗಲಿ."

"ಕೊಡು, ನಾನು ಮಾಡ್ತೀನಿ."

"ನಿನಗೆ ಕಾಲರ್ ಬರಲ್ಲ."

ಮಗಳು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ಅದು ನಿಜವೇ ಆಗಿತ್ತು.

ಗೋಡೆಯ ಮೊಳೆಗೆ ಯಾರದೋ ಒಂದು ಪ್ಯಾಂಟು ನೇತುಬಿದ್ದಿತ್ತು. ಒಂದು ಕಾಲಿಗೆ ಗೆರೆ ಬಿದ್ದಿತ್ತು, ಇನ್ನೊಂದಕ್ಕೆ ಇಲ್ಲ. ನಿನ್ನೆ ಮಧ್ಯಾಹ್ನ ಆ ಒಂದು ಕಾಲು ಮುಗಿಸಿ, "ಯಾಕೋ ಒಂಚೂರು ಕೂತ್ಕೋತೀನಿ" ಎಂದು ಸ್ಟೂಲಿನ ಮೇಲೆ ಕೂತ ಗಂಡ ಮತ್ತೆ ಏಳಲಿಲ್ಲ. ಕೂರುವ ಮುಂಚೆ ಪೆಟ್ಟಿಗೆಯನ್ನು ಬಟ್ಟೆಯಿಂದ ಎತ್ತಿ, ಪಕ್ಕದ ಕಲ್ಲಿನ ಮೇಲೆ ಇಟ್ಟೇ ಕೂತಿದ್ದ. ಸಾಯುವಾಗಲೂ ಗಿರಾಕಿಯ ಪ್ಯಾಂಟು ಸುಡಲಿಲ್ಲ.

ಹಲಗೆ ಗೋಡೆಯ ಆಚೆ, ಬೀದಿಯ ಬೆಂಚಿನ ಮೇಲೆ ಗಂಡಸರು ಕೂತಿದ್ದರು. ಅವರ ಮಾತು ಒಂದೂ ಬಿಡದೆ ಒಳಗೆ ಕೇಳುತ್ತಿತ್ತು.

"ಇವತ್ತೇ ರೇಸು, ಇವತ್ತೇ ಇವನ ಮಣ್ಣು." ಇದು ಎದುರಂಗಡಿಯ ಕ್ಷೌರಿಕನ ದನಿ. "ಇನ್ಮೇಲೆ ನಾವು ಯಾರನ್ನಪ್ಪ ಕೇಳೋದು, ಕುದುರೆ ಕುಡೀತಾ ಇಲ್ವಾ ಅಂತ?"

"ಥೂ ನಿನ್ನ! ಸಾವಿನ ಮನೆ ಮುಂದೆ ಕುದುರೆ ಮಾತಾ?" ಎಂದು ಗದರಿದವನು ಅವಳ ಅಣ್ಣ.

ಆದರೆ ಕುದುರೆಯ ಮಾತಿಲ್ಲದೆ ಆ ಅಂಗಡಿಯ ಮಾತೇ ಇರಲಿಲ್ಲ. ಅಂಗಡಿ ಇದ್ದದ್ದು ರೇಸ್ ಮೈದಾನಕ್ಕೆ ಹೋಗುವ ದಾರಿಯ ಕೊನೆಯ ತಿರುವಿನಲ್ಲಿ. ಮೈದಾನ ಚಿಕ್ಕದು, ಊರೂ ಚಿಕ್ಕದು. ದೊಡ್ಡ ಊರಿನಲ್ಲಿ ರೇಸು ನಿಂತ ತಿಂಗಳುಗಳಲ್ಲಿ, ಅಲ್ಲಿ ಹಿಂದೆ ಬಿದ್ದ ಕುದುರೆಗಳನ್ನು ಲಾರಿಗೆ ಹತ್ತಿಸಿ ಇಲ್ಲಿಗೆ ತರುತ್ತಿದ್ದರು. ಅಲ್ಲಿ ಕೊನೆಗೆ ಬಂದದ್ದು ಇಲ್ಲಿ ಮೊದಲು ಬರುತ್ತಿತ್ತು. ಹಾಳೂರಿಗೆ ಉಳಿದವನೇ ಗೌಡ ಎಂದು ಜನ ನಗುತ್ತಿದ್ದರು. ನಕ್ಕು, ಹೊರಗಿನ ಕುದುರೆಗೇ ದುಡ್ಡು ಕಟ್ಟುತ್ತಿದ್ದರು. ಆದರೆ ಕೆಲವು ಕುದುರೆಗಳಿಗೆ ಊರು ಬದಲಾದರೆ ನೀರು ಒಗ್ಗುವುದಿಲ್ಲ. ದಾರಿಯುದ್ದಕ್ಕೂ ಬಾಯಾರಿದ್ದರೂ ಮೂಸಿ ಮುಖ ತಿರುಗಿಸುತ್ತವೆ. ನೀರು ಬಿಟ್ಟ ಕುದುರೆ ಎಷ್ಟೇ ದೊಡ್ಡ ಊರಿನದಾದರೂ ಓಟದ ಕೊನೆಯಲ್ಲಿ ಬಸವಳಿದುಬಿಡುತ್ತದೆ.

ಲಾರಿಗಳು ತಿರುವಿನಲ್ಲಿ ನಿಲ್ಲುತ್ತಿದ್ದವು. ಅಂಗಡಿಯ ಮುಂದಿನ ಪೀಪಾಯಿಯಿಂದ ನೀರು ತುಂಬಿ, ಬಕೆಟ್ಟನ್ನು ಕುದುರೆಯ ಮೂತಿಗೆ ಎತ್ತಿ ಹಿಡಿಯುತ್ತಿದ್ದವನು ಇಸ್ತ್ರಿಯವನು. ಕ್ಷೌರಿಕ ಗಿರಾಕಿಯ ಒಂದು ಕೆನ್ನೆಗೆ ಸೋಪು ಬಳಿದು ಹಾಗೇ ಬಿಟ್ಟು ಓಡಿಬರುತ್ತಿದ್ದ. "ಗುರುವೇ, ಕುಡೀತಾ?" ಕುಡಿಯಿತು ಎಂದರೆ ಬೀದಿಗೆ ಬೀದಿಯೇ ಆ ಕುದುರೆಗೆ ಕಟ್ಟುತ್ತಿತ್ತು, ಬಹುತೇಕ ಗೆಲ್ಲುತ್ತಲೂ ಇತ್ತು. ಇಸ್ತ್ರಿಯವನು ಮಾತ್ರ ತನ್ನ ಚಿಲ್ಲರೆ ಕಾಸನ್ನು ಊರಿನದೇ ಬಡಕಲು ಕುದುರೆಗೆ ಕಟ್ಟಿ, ಸೋತು, ನಗುತ್ತ ಮನೆಗೆ ಬರುತ್ತಿದ್ದ.

"ಊರಿಗೆಲ್ಲ ದಾರಿ ತೋರಿಸಿ ತಾನು ಹಳ್ಳಕ್ಕೆ ಬೀಳೋನು" ಎಂದ ಕ್ಷೌರಿಕ. "ಯಾಕೆ ಗುರುವೇ ಅಂದ್ರೆ, 'ಇರ್ಲಿ ಬಿಡೋ, ಅದಕ್ಕೂ ಯಾರಾದ್ರೂ ಕಟ್ಬೇಕಲ್ಲ' ಅನ್ನೋನು."

"ಅವನ ಹಣೆಬರಹವೇ ಅಷ್ಟು" ಎಂದ ಅಣ್ಣ. "ಹೊರಗಿನ ಕುದುರೆಗೆ ಕಟ್ಟಿ ಸೋತು, ಬಸ್ ಚಾರ್ಜಿಗೂ ಗತಿಯಿಲ್ದೆ ನಮ್ಮಪ್ಪನ ಅಂಗಡಿಗೆ ಬಂದೋನು. ಅವತ್ತು ಜೇಬಲ್ಲಿ ಚಾರ್ಜಿದ್ದಿದ್ರೆ ಎಲ್ಲಿರ್ತಿದ್ನೋ ಏನೋ. ಪಾಪ, ಒಳ್ಳೇವನೇ."

ಒಳಗೆ ಅವಳು ಕಾಲರಿನ ತುದಿಯನ್ನು ಒತ್ತಿ ಹಿಡಿದಳು. ಎಷ್ಟೋ ಸಲ ಕೇಳಿದ ಮಾತು. ಆದರೂ ಹಳೆಯ ಮುಳ್ಳು ಮುರಿದ ಜಾಗದಲ್ಲಿ ಮತ್ತೆ ಚುಚ್ಚಿದಂತಾಯಿತು.

*

ಅವನು ಬಂದ ದಿನ ಅವಳ ಅಪ್ಪ ಮೊಣಕಾಲಿಗೆ ಬಿಸಿಬಟ್ಟೆಯ ಕಾವು ಕೊಟ್ಟುಕೊಳ್ಳುತ್ತ ಕೂತಿದ್ದ. ಹೊತ್ತು ಇಳಿದಿತ್ತು. ತೋಳಿನಲ್ಲಿ ಹರಿದ ಅಂಗಿಯ ಹುಡುಗನೊಬ್ಬ ಬಾಗಿಲಲ್ಲಿ ನಿಂತು, "ರೇಸಲ್ಲಿ ಎಲ್ಲ ಕಳ್ಕೊಂಡೆ. ದೊಡ್ಡ ಊರಲ್ಲಿ ಲಾಂಡ್ರಿ ಕೆಲಸ ನಂದು. ಬಸ್ ಚಾರ್ಜು ಆಗೋವರೆಗೂ ಕೆಲಸ ಕೊಡಿ" ಎಂದ.

"ಕುದುರೆ ಬಾಲ ಹಿಡಿದು ಬಂದೋನು ನೀನು. ಪೆಟ್ಟಿಗೆ ಹಿಡಿಯೋಕೆ ಬರತ್ತಾ?" ಎಂದು ಅಪ್ಪ ಒಂದು ಅಂಗಿಯನ್ನು ಅವನ ಮುಂದೆ ಎಸೆದ. ಹುಡುಗ ಮೊದಲು ಕಾಲರ್ ಹಿಡಿದ. ಅಪ್ಪ ಇನ್ನೇನೂ ಕೇಳಲಿಲ್ಲ.

ಚಾರ್ಜಿನಷ್ಟು ದುಡ್ಡು ವಾರದೊಳಗೆ ಆಗಿತ್ತು. ಅಪ್ಪ ಕಳಿಸಲಿಲ್ಲ, ಅವನೂ ಹೊರಡಲಿಲ್ಲ. ಮುಂದಿನ ವರ್ಷ ಮದುವೆ. ಮದುವೆಯ ಊಟಕ್ಕೆ ಕೂತಾಗ ಅಣ್ಣ, "ಬೇರೆಯವರು ಹುಡುಗಿ ನೋಡಿ ಒಪ್ತಾರೆ, ನಮ್ಮ ಭಾವ ಬಸ್ ಚಾರ್ಜಿಲ್ದೆ ಒಪ್ಪಿದ" ಎಂದ. ಸಾಲಿಗೆ ಸಾಲೇ ನಕ್ಕಿತು. ಮದುಮಗನೂ ನಕ್ಕ. ಅಂದಿನಿಂದ ಅವನು 'ಚಾರ್ಜಿಲ್ಲದ ಅಳಿಯ'. ಅವಳು ಮಾತ್ರ ನಗಲಿಲ್ಲ. ಒಂದು ಕುದುರೆ ಸೋತದ್ದಕ್ಕೆ ತನಗೆ ಸಿಕ್ಕ ಗಂಡ ಇವನು. ಅದು ಗೆದ್ದಿದ್ದರೆ?

ಸಂಜೆ ದೊಡ್ಡ ಊರಿನ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದಾಗ ಅವನು ತಲೆಯೆತ್ತಿ ನೋಡುತ್ತಿದ್ದ. ಯಾರಾದರೂ ನೋಡುತ್ತಾರೆ, ಹಾರ್ನಿನ ಸದ್ದು ಅಷ್ಟು ಜೋರು. ಅವಳಿಗೆ ಮಾತ್ರ ಪ್ರತಿಸಲವೂ, ಇವತ್ತು ಹೊರಟೇಬಿಡುತ್ತಾನೆ ಎನ್ನಿಸುತ್ತಿತ್ತು. ಅವನನ್ನು ಮೊದಲು ಇಲ್ಲಿಗೆ ಕರೆತಂದವನು ಕುದುರೆ ನೋಡಿಕೊಳ್ಳುವ ಒಬ್ಬ ಸೈಸ, ಅವನ ಗೆಳೆಯ. ವರ್ಷ ವರ್ಷ ಲಾರಿಯ ಜೊತೆ ಬರುತ್ತಿದ್ದ. ಸೈಸನ ದನಿ ಕೇಳಿದರೆ ಸಾಕು, ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹುಡುಗಿಯಾಗಿದ್ದಾಗ ಲಾರಿಗಳಿಗೆ ನೀರಿನ ಬಕೆಟ್ಟು ಎತ್ತುತ್ತಿದ್ದವಳು ಅವಳೇ. ಮದುವೆಯಾದ ಮೇಲೆ ಅದನ್ನು ಮುಟ್ಟಲಿಲ್ಲ.

ಒಮ್ಮೆ, ಯಾವುದೋ ಸಣ್ಣ ಜಗಳದಲ್ಲಿ, ನೋಟುಗಳನ್ನು ಇಸ್ತ್ರಿ ಮೇಜಿನ ಮೇಲೆ ಎಸೆದು, "ತಗೊಳ್ಳಿ. ಈಗ ಚಾರ್ಜಾಯ್ತಲ್ಲ, ಹೋಗಿ. ಅವತ್ತು ಕುದುರೆ ಗೆದ್ದಿದ್ರೆ ಹೋಗೇ ಹೋಗ್ತಿದ್ರಿ ತಾನೇ?" ಎಂದುಬಿಟ್ಟಳು. ಅವನು ನೋಟುಗಳನ್ನು ಒಂದು ಪಕ್ಕಕ್ಕೆ ಸರಿಸಿದ. ಆಮೇಲೆ, "ಪೆಟ್ಟಿಗೆ ಆರ್ತಿದೆ. ಇದ್ದಲು ತಾ" ಎಂದ.

ಮಾರನೆಯ ಬೆಳಿಗ್ಗೆ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದರೆ ಆ ನೋಟುಗಳು ಅಲ್ಲಿದ್ದವು. ಒಂದು ಸುಕ್ಕೂ ಇಲ್ಲದಂತೆ ಇಸ್ತ್ರಿ ಮಾಡಿ ಇಟ್ಟಿದ್ದ. ತಮಾಷೆ ಮಾಡುತ್ತಿದ್ದಾನೆ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

*

ಅಂಗಿ ತೊಡಿಸಿ ಆಗಿತ್ತು. ಎತ್ತುವ ಹೊತ್ತು ಹತ್ತಿರವಾಗಿತ್ತು. ಅಷ್ಟರಲ್ಲಿ ತಿರುವಿನಲ್ಲಿ ಲಾರಿಯ ಸದ್ದು ಕೇಳಿಸಿತು, ಲಾರಿ ಮನೆಯ ಮುಂದೆಯೇ ಬಂದು ನಿಂತಿತು.

"ಎಲ್ಲೋ ಬಕೆಟ್ಟು? ಏಯ್ ಇಸ್ತ್ರಿ, ಸತ್ತ್ಯಾ ಏನೋ?" ಎಂದು ಲಾರಿಯ ಮೇಲಿಂದ ಸೈಸ ಕೂಗಿದ.

ಕ್ಷೌರಿಕ ಎದ್ದು ಹೋಗಿ ಅವನ ಕಿವಿಯಲ್ಲಿ ಏನೋ ಹೇಳಿದ. ಸ್ವಲ್ಪ ಹೊತ್ತಿಗೆ ಮುದುಕ ಸೈಸ ಬಾಗಿಲ ಚೌಕಟ್ಟು ಹಿಡಿದುಕೊಂಡು ಒಳಗೆ ಬಂದ. ಅವನ ಬಟ್ಟೆಯಲ್ಲಿ ಹುಲ್ಲಿನ, ಕುದುರೆ ಬೆವರಿನ ವಾಸನೆ. ಗೆಳೆಯನ ಕಾಲ ಬಳಿ ಕುಸಿದು ಕೂತು, ತನ್ನ ಬಾಯಿಗೆ ತಾನೇ ಹೊಡೆದುಕೊಂಡ. ಅವಳಿಗೆ ಎದ್ದು ಹೋಗಬೇಕೆನ್ನಿಸಿತು. ಆದರೆ ಈ ದಿನ ಹಾಕಿಕೊಳ್ಳಲು ಬಾಗಿಲಿರಲಿಲ್ಲ.

ಸೈಸ ಅಂಗಿಯ ತೋಳನ್ನು ಮೆಲ್ಲಗೆ ಮುಟ್ಟಿ ನೋಡಿದ. "ಇವನ ಮೈಮೇಲೆ ಗರಿಗರಿ ಅಂಗಿ! ಅವತ್ತು ಅಷ್ಟೊಂದು ದುಡ್ಡು ಗೆದ್ದಾಗ್ಲೂ ಹರಕು ತೋಳಿನ ಅಂಗೀಲೇ ಇದ್ದ ನೋಡು ತಂಗಿ."

"ಯಾವತ್ತು ಗೆದ್ದಿದ್ರು?"

"ಮೊದಲನೇ ಸಲ ನಂಜೊತೆ ಬಂದ್ನಲ್ಲ, ಅವತ್ತು."

"ಅವತ್ತು ಸೋತಿದ್ರು" ಎಂದಳು ಅವಳು.

"ಸೋತಿದ್ದು ನಾನು! ನಾನು ನಮ್ಮ ಕುದುರೆಗೇ ಕಟ್ಟಿದ್ದೆ." ಸೈಸ ಮುಖ ಒರೆಸಿಕೊಂಡ. "ಇವನು ಲಾರಿ ಮೇಲೆ ಹುಲ್ಲಿನ ಮೂಟೆ ಹತ್ತಿ ಕೂತಿದ್ದ. ಇದೇ ತಿರುವಲ್ಲಿ ನೀನು ಬಕೆಟ್ಟು ಎತ್ತಿ ಹಿಡಿದೆ. ಕುದುರೆ ಮೂಸಿ ಮುಖ ತಿರುಗಿಸ್ತು. ನೀನು ಇಳಿಸ್ಲಿಲ್ಲ. ಕೈ ಗಡಗಡ ನಡುಗ್ತಿತ್ತು. 'ಸಾಕು ಬಿಡಮ್ಮ' ಅಂದೆ ನಾನು. 'ಇರಿ, ಕುಡಿಯತ್ತೆ' ಅಂದೆ ನೀನು. ಕೊನೆಗೂ ಅದು ಕುಡೀಲಿಲ್ಲ. ಮೈದಾನಕ್ಕೆ ಹೋದ ಮೇಲೆ ಇವನು ಇದ್ದಬದ್ದದ್ದನ್ನೆಲ್ಲ ಈ ಊರಿನ ಒಂದು ಬಡಕಲು ಹೆಣ್ಣುಕುದುರೆಗೆ ಕಟ್ಟಿದ. ನಾವೆಲ್ಲ ಬಿದ್ದು ಬಿದ್ದು ನಕ್ವಿ. ಅದೇ ಗೆಲ್ತು."

ಅವಳು ಸೈಸನ ಕಡೆ ತಿರುಗಿ ಕೂತಳು.

"ದುಡ್ಡನ್ನ ನನ್ನ ಕೈಗೆ ತುರುಕಿ, 'ಅಮ್ಮನಿಗೆ ಕೊಟ್ಬಿಡು, ನಾನು ಬರಲ್ಲ' ಅಂದ. 'ಇಲ್ಲೇನೋ ಮಾಡ್ತೀಯ?' ಅಂದೆ. 'ಆ ಇಸ್ತ್ರಿ ಅಂಗಡೀಲಿ ಕೆಲಸ ಕೇಳ್ತೀನಿ. ಸೋತೆ ಅಂತ ಹೇಳ್ತೀನಿ. ಗೆದ್ದೋನಿಗೆ ಯಾರು ಕೆಲಸ ಕೊಡ್ತಾರೆ?' ಅಂದ." ಸೈಸ ಅಳುವಿನ ನಡುವೆಯೇ ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. "ನಿನಗೆ ಹೇಳಿಲ್ವಾ ಅವನು?"

"ನೀವೂ ಹೇಳಿಲ್ಲ."

"ನಿಮ್ಮಪ್ಪ ಇರೋವರೆಗೂ ಬಾಯಿ ಬಿಡಬೇಡ ಅಂದಿದ್ದ. ಆಮೇಲೆ ಅವನೇ ಹೇಳಿರ್ತಾನೆ ಅಂದ್ಕೊಂಡೆ. ನೀನು ಯಾವತ್ತು ನನ್ನ ಮುಖ ನೋಡ್ದೆ ತಂಗಿ? ಲಾರಿ ನಿಂತ್ರೆ ಬಾಗಿಲು ಹಾಕ್ಕೊಳ್ತಿದ್ದೆ."

ಅವಳು ಗಂಡನ ಕಡೆ ನೋಡಿದಳು. ಬಲ ಮಣಿಕಟ್ಟಿನ ಮೇಲೆ ಪೆಟ್ಟಿಗೆ ತಾಗಿದ ಹಳೆಯ ಕಲೆ, ತೋಳಿನ ಅಂಚಿನಿಂದ ಇಣುಕುತ್ತಿತ್ತು. ಆ ದಿನ ಲಾರಿಯ ಮೇಲೆ ಯಾರಿದ್ದರೆಂದು ಅವಳು ತಲೆಯೆತ್ತಿ ನೋಡಿರಲಿಲ್ಲ. ಕುದುರೆಯನ್ನಷ್ಟೇ ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ಗಂಡನನ್ನು ಕೇಳಿದ್ದು ಒಂದೇ ಸಲ, ಅದೂ ನೋಟು ಮುಖದ ಮುಂದೆ ಎಸೆದು. ಪೆಟ್ಟಿಗೆ ಆರುತ್ತಿದೆ ಎಂದಿದ್ದ. ಇದ್ದಲು ತಂದುಕೊಟ್ಟು ಇನ್ನೊಂದು ಸಲ ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ತೋಳು ಎಲ್ಲೋ ಚೂರು ಮಡಿಸಿಕೊಂಡಿತ್ತು. ಅಂಗೈಯಿಂದ ಅದನ್ನು ಒತ್ತಿ ಒತ್ತಿ ನೆಟ್ಟಗೆ ಮಾಡಿದಳು. ಅದು ನೆಟ್ಟಗಾದ ಮೇಲೂ ಒತ್ತುತ್ತಲೇ ಇದ್ದಳು.

"ಹೊತ್ತಾಯ್ತು" ಎಂದ ಅಣ್ಣ, ಬಾಗಿಲಲ್ಲಿ ನಿಂತು. ಬಗ್ಗಿ ಭಾವನ ತಲೆದೆಸೆಗೆ ಕೈ ಕೊಟ್ಟವನಿಗೆ ಇದ್ದಕ್ಕಿದ್ದಂತೆ ಅಳು ಉಕ್ಕಿತು. ಅಣಕಿಸಿ ಅಣಕಿಸಿ ಅಭ್ಯಾಸವಾದ ಬಾಯಿಗೆ ಬೇರೆ ಮಾತು ಗೊತ್ತಿರಲಿಲ್ಲ. "ಹೊರಟ್ಯಾ ಭಾವ... ಇವತ್ತೂ ಚಾರ್ಜಿಲ್ದೇನೇ ಹೊರಟ್ಯಲ್ಲೋ..."

"ಇತ್ತಂತೆ ಅಣ್ಣಾ" ಎಂದಳು ಅವಳು.

"ಏನು?"

"ಬಸ್ ಚಾರ್ಜು. ಅವತ್ತು ಇತ್ತಂತೆ ಅವರ ಹತ್ರ."

ದುಃಖಕ್ಕೆ ಏನೋ ಬಡಬಡಿಸುತ್ತಿದ್ದಾಳೆ ಎಂದುಕೊಂಡು ಅಣ್ಣ ಅವಳ ತಲೆ ಸವರಿದ.

ಹೊತ್ತವರು ಬೀದಿಗಿಳಿದರು. ಮುಂದೆ ಅಣ್ಣ ಮತ್ತು ಕ್ಷೌರಿಕ, ಹಿಂದೆ ಇನ್ನಿಬ್ಬರು. ಲಾರಿಯ ಡ್ರೈವರ್ ಎಂಜಿನ್ ಆರಿಸಿ ಕೆಳಗಿಳಿದು ತಲೆ ಬಗ್ಗಿಸಿ ನಿಂತಿದ್ದ. ಹಲಗೆಗಳ ನಡುವಿನಿಂದ ಒಂದು ಕೆಂಪು ಕುದುರೆ ಕತ್ತು ಹೊರಗೆ ಚಾಚಿತ್ತು. ತುಟಿಯ ಅಂಚಿನಲ್ಲಿ ಒಣಗಿದ ನೊರೆ.

ಅವಳು ನಿಂತಳು. "ನೀರು ಕೊಟ್ರಾ ಇದಕ್ಕೆ?"

"ಪರವಾಗಿಲ್ಲ ತಂಗಿ, ಮೈದಾನದಲ್ಲಿ ಕುಡಿಸ್ತೀನಿ. ನೀನು ನಡಿ" ಎಂದ ಸೈಸ.

"ಈ ತಿರುವಲ್ಲಿ ನಿಂತ ಕುದುರೇನ ಅವರು ನೀರು ಕೊಡದೆ ಕಳಿಸಿಲ್ಲ."

ಪೀಪಾಯಿಯ ಮುಚ್ಚಳ ತೆಗೆದಳು. ಕಂಠದವರೆಗೂ ನೀರಿತ್ತು. ನಾಳೆ ರೇಸು ಎಂದು ನಿನ್ನೆ ಬೆಳಿಗ್ಗೆಯೇ ಅವನು ತುಂಬಿಸಿಟ್ಟಿದ್ದ. ಬಕೆಟ್ಟು ಮುಳುಗಿಸಿ ಎತ್ತಿದಳು. "ಅಮ್ಮಾ, ಇಲ್ಲಿ ಕೊಡು" ಎಂದು ಮಗಳು ಕೈ ಚಾಚಿದಳು. ಅವಳು ಕೊಡಲಿಲ್ಲ.

ಹೊತ್ತವರು ಎಲ್ಲಿದ್ದರೋ ಅಲ್ಲೇ ನಿಂತರು. ಎರಡು ಕೈಯಲ್ಲಿ ಬಕೆಟ್ಟನ್ನು ಎದೆಯ ಮೇಲಕ್ಕೆ ಎತ್ತಿ, ಅವಳು ಕುದುರೆಯ ಮೂತಿಗೆ ಹಿಡಿದಳು.

ಕುದುರೆ ಮೂಸಿತು. ಅದರ ಉಸಿರಿಗೆ ನೀರಿನ ಮೇಲೆ ಬಳೆಯಂಥ ಅಲೆ ಎದ್ದು ಅಂಚಿಗೆ ತಾಗಿತು. ಮೂತಿ ಹಿಂದಕ್ಕೆಳೆದುಕೊಂಡು, ಅದು ಎತ್ತಲೋ ನೋಡಿತು.

ಹೆಗಲ ಭಾರದಡಿಯಲ್ಲಿ ಕ್ಷೌರಿಕ ಅಭ್ಯಾಸಬಲದಿಂದ ಕತ್ತು ಹೊರಳಿಸಿ ನೋಡುತ್ತಿದ್ದ. ಅಣ್ಣನೂ ನೋಡುತ್ತಿದ್ದ. ಬೀದಿಯ ಎರಡೂ ಬದಿಯ ಜನ ನೋಡುತ್ತಿದ್ದರು. ಕುಡೀತಾ ಎಂದು ಒಬ್ಬರೂ ಕೇಳಲಿಲ್ಲ.

ಅವಳ ತೋಳು ನಡುಗತೊಡಗಿತು.

"ಸಾಕು ಇಳಿಸಮ್ಮ" ಎಂದ ಸೈಸ, ಬಹಳ ಮೆತ್ತಗೆ.

"ಇರಿ" ಎಂದಳು. "ಕುಡಿಯತ್ತೆ."

ಅವಳ ಹಿಂದೆ, ನಾಲ್ವರ ಹೆಗಲ ಮೇಲೆ, ಲಾರಿಯ ಹಲಗೆಯ ಎತ್ತರಕ್ಕೆ ಸರಿಯಾಗಿ, ಗರಿಗರಿ ಕಾಲರಿನ ಅಂಗಿ ಕಾಯುತ್ತಿತ್ತು. ಬಕೆಟ್ಟಿನಿಂದ ತುಳುಕಿದ ನೀರು ಅವಳ ಮೊಣಕೈವರೆಗೆ ಇಳಿದು, ಒಂದೊಂದೇ ಹನಿಯಾಗಿ ಬೀದಿಯ ಧೂಳಿಗೆ ಬೀಳುತ್ತಿತ್ತು.